ಉಜ್ಜನಪ್ಪ ವಿಶ್ವವಿದ್ಯಾಲಯದ ಹಲ್ಲು ನೋಡಿದ್ದು

ಹರಿಹರದ ಹೊಳೆದಂಡೆ ಓಣಿಯ ಎತ್ತಿನ ದಲ್ಲಾಳಿ ಉಜ್ಜನಪ್ಪನ ಮುತ್ತಜ್ಜ ಹಾಲಪ್ಪ. ತುಂಗಭದ್ರೆ ಕೆಂಪಗೆ ತುಂಬಿ ಹರಿಯುವಾಗ ಮುಂದಿನ ಎತ್ತಿನ ಬಾಲ ಹಿಡಿದು, ಹಿಂದಿನ ಎತ್ತುಗಳನ್ನೆಲ್ಲ ಕೂಗಿ ಕೂಗಿ ಈಜಿಸಿ ಆಚೆ ದಡ ಮುಟ್ಟಿಸಿದವನು. ದಡ ಹತ್ತಿದ ಮೇಲೆ ತಲೆಯ ರುಮಾಲು ಹೊಳೆಯ ಪಾಲಾಯಿತೆಂದು ಮತ್ತೆ ನೀರಿಗೆ ಹಾರಿ ಅದನ್ನೂ ತಂದವನು. ಹಾಲಪ್ಪನ ಮಗ ಕೊಟ್ರಪ್ಪ ಕತ್ತಲ ಕೊಟ್ಟಿಗೆಯ ಹೊರಗೆ ನಿಂತು, ಒಳಗೆ ಎತ್ತು ಮೆಲುಕು ಹಾಕುವ ಸದ್ದು ಕೇಳಿಯೇ “ಇದು ಆರು ಹಲ್ಲಿನದು” ಎಂದು ಅದರ ವಯಸ್ಸು ಹೇಳುತ್ತಿದ್ದ. ಒಳಗೆ ಹೋಗಿ ಎಣಿಸಿದರೆ ಆರೇ ಇರುತ್ತಿದ್ದವು. ಕೊಟ್ರಪ್ಪನ ಹೆಂಡತಿ ಹೊನ್ನಮ್ಮ, ಗಂಡ ಊರಲ್ಲಿಲ್ಲದ ದಿನ ಬಂದ ಗಿರಾಕಿಯನ್ನು ಒಂದು ಮಾತೂ ಆಡದೆ ಬರೀ ದಿಟ್ಟಿಸಿ ನೋಡಿ ಬೆಲೆ ಏರಿಸಿದ ಗಟ್ಟಿಗಿತ್ತಿ. ಅವರ ಮಗ ರುದ್ರಪ್ಪನ ಕಥೆ ಇನ್ನೊಂದು. ಪಾಲಾಗುತ್ತಿದ್ದ ಯಾರೋ ಅಣ್ಣತಮ್ಮಂದಿರು ಒಂದು ಜೋಡಿ ಎತ್ತನ್ನು ಆಚೆಗೊಂದು ಈಚೆಗೊಂದು ಹಂಚಿಕೊಳ್ಳಲು ನಿಂತಾಗ, ಆ ಜೋಡಿ ಬಿಡಿಸುವುದನ್ನು ನೋಡಲಾರದೆ ತನ್ನ ಮದುವೆಗೆ ಕೂಡಿಟ್ಟ ದುಡ್ಡಿನಲ್ಲಿ ಎರಡನ್ನೂ ತಾನೇ ಕೊಂಡುಬಿಟ್ಟ. ಮದುವೆ ಒಂದು ವರ್ಷ ಮುಂದೆ ಹೋಯಿತು. ಹುಡುಗಿ ಕಾದಳು. ಕಾದದ್ದಕ್ಕೇ ಉಜ್ಜನಪ್ಪ ಹುಟ್ಟಿದ.

ಇಂಥವರ ಮನೆಯಲ್ಲಿ ಹುಟ್ಟಿದ ಉಜ್ಜನಪ್ಪ ಶಾಲೆ ಕಂಡದ್ದು ಎರಡನೆಯ ಇಯತ್ತೆಯವರೆಗೆ. ಉಳಿದ ಅಕ್ಷರವನ್ನೆಲ್ಲ ಲಾರಿಯ ಬೆನ್ನು, ಬಸ್ಸಿನ ಹಣೆ, ಸಿನಿಮಾ ಪೋಸ್ಟರು ನೋಡಿ ತಾನೇ ಕಲಿತ. ಎಪ್ಪತ್ತು ಹತ್ತಿರ ಬಂದರೂ ದಾವಣಗೆರೆಯ ದನದ ಸಂತೆಗೆ ಅವನು ಬರಲಿಲ್ಲವೆಂದರೆ ಸಂತೆಗೆ ಕಳೆಯಿಲ್ಲ. ಎತ್ತನ್ನು ನೋಡಿ ನೋಡಿ, ಲೋಕದಲ್ಲಿರುವ ಎಲ್ಲವನ್ನೂ ಎತ್ತು ನೋಡಿದ ಹಾಗೆಯೇ ನೋಡುವುದು ಅವನಿಗೆ ರೂಢಿಯಾಗಿತ್ತು. ಮಗ ಬಕ್ಕೇಶನಿಗೆ ಹೆಣ್ಣು ನೋಡಲು ಹೋದಾಗ “ಹುಡುಗಿ ಅಂಗಳದಾಗ ನಾಲ್ಕು ಹೆಜ್ಜೆ...” ಎಂದು ಬಾಯಿ ತೆರೆದವನ ತೊಡೆಯನ್ನು ಹೆಂಡತಿ ಕಸ್ತೂರಮ್ಮ ಜಿಗುಟಿದ ಜಿಗುಟಿಗೆ ಕಣ್ಣಲ್ಲಿ ನೀರು ಬಂದಿತ್ತು. ಹೆಣ್ಣಿನವರು ಅದನ್ನು ಆನಂದಬಾಷ್ಪವೆಂದು ತಿಳಿದು ಕೂಡಲೇ ಒಪ್ಪಿಬಿಟ್ಟರು. ಆ ಮದುವೆಯ ಫಲವೇ ಮೊಮ್ಮಗಳು ಪೂಜಾ.

ಈ ಪೂಜಾ ಪಿಯುಸಿ ಮುಗಿಸಿದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಮೊಬೈಲು ಎತ್ತಿ ಹಿಡಿದು ಮಾಳಿಗೆಯಿಂದ ಮೆಟ್ಟಿಲು ಬಿಟ್ಟೇ ಇಳಿದಳೋ ಏನೋ, ದಡಬಡ ಬಂದು ಅಂಗಳದಲ್ಲಿ ನಿಂತಳು.

“ಅಜ್ಜಾ! ಸೀಟು ಸಿಕ್ತು! ಶ್ವೇತಾದ್ರಿ ವಿಶ್ವವಿದ್ಯಾಲಯ! ಅರ್ಥಶಾಸ್ತ್ರ! ನೂರು ಮಂದಿ ಅರ್ಜಿ ಹಾಕಿದ್ರೆ ಏಳು ಮಂದೀನ ತಗೊಳ್ಳಾದು ಅಜ್ಜ, ಏಳೇ ಏಳು!”

ಉಜ್ಜನಪ್ಪ ಬಾಯಲ್ಲಿದ್ದ ಎಲೆಅಡಿಕೆ ಉಗುಳಿ ಬಂದ. “ನೂರು ತಲೆ ನೋಡಿ ತೊಂಬತ್ಮೂರು ಬ್ಯಾಡ ಅನ್ನಾ ದಲ್ಲಾಳಿ ಇದಾನಾ ಈ ಭೂಮಿ ಮ್ಯಾಲೆ? ಅವನ್ನ ತೋರ್ಸವ್ವ, ಅಡ್ಡಬೀಳ್ತೀನಿ!” ಎಂದವನೇ ಮೊಮ್ಮಗಳ ಎರಡೂ ಕೈ ಹಿಡಿದು ಅಂಗಳದಲ್ಲಿ ಬುಗುರಿಯ ಹಾಗೆ ತಿರುಗಿದ. ಕಸ್ತೂರಮ್ಮ ಒಲೆಯ ಮೇಲಿನ ರೊಟ್ಟಿ ಮರೆತು ಬಂದು ತಾನೂ ಒಂದು ಸುತ್ತು ತಿರುಗಿದಳು. ರೊಟ್ಟಿ ಸೀದ ಹೊಗೆ ಓಣಿಗೆಲ್ಲ ಹಬ್ಬಿ, ನೋಡಲು ಬಂದವರೂ ಸುದ್ದಿ ಕೇಳಿ ನಗುತ್ತ ನಿಂತರು.

ತಿರುಗಾಟ ನಿಲ್ಲಿಸಿದ್ದು ಬಕ್ಕೇಶ. ಅವನು ಟ್ರ್ಯಾಕ್ಟರ್ ಶೋರೂಮಿನಲ್ಲಿ ಗುಮಾಸ್ತ. ಮೊಬೈಲು ಇಸಕೊಂಡು ಕೆಳಗಿನವರೆಗೂ ಓದಿ, ಕಟ್ಟೆಯ ಮೇಲೆ ಮೆಲ್ಲಗೆ ಕೂತ.

“ಅಪ್ಪಾ, ವರ್ಷಕ್ಕೆ ಒಂಬತ್ತು ಲಕ್ಷ. ಊಟ, ಹಾಸ್ಟೆಲ್ಲು ಸೇರಿ. ಹಿಂಗೆ ನಾಲ್ಕು ವರ್ಷ. ದಾವಣಗೆರೆ ಸರ್ಕಾರಿ ಕಾಲೇಜಾದ್ರೆ ಬಸ್ ಪಾಸಿನ ಖರ್ಚಲ್ಲೇ ಡಿಗ್ರಿ ಮುಗೀತೈತೆ.”

ಪೂಜಾ ದುಪಟ್ಟದ ಚುಂಗನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. “ತಿಂಗಳ ಕೊನೀಗೆ ಹೂಂ ಇಲ್ಲಾ ಉಹೂಂ ಹೇಳಬೇಕಂತೆ,” ಎಂದಳು. “ಆಗಲ್ಲಂದ್ರೆ ಬ್ಯಾಡ ಬಿಡ್ರಿ. ಇಲ್ಲೇ ಓದ್ತೀನಿ.” ಆ ಬಿಡ್ರಿ ಎನ್ನುವ ದನಿ ಉಜ್ಜನಪ್ಪನಿಗೆ ಹಿಡಿಸಲಿಲ್ಲ. ಮನಸ್ಸಿಗೆ ಬಂದ ಜೋಡಿಯನ್ನು ಬೇರೆಯವರು ಹೊಡೆದುಕೊಂಡು ಹೋಗುವುದನ್ನು ಸಂತೆಯಲ್ಲಿ ನಿಂತು ನೋಡುವ ರೈತನ ದನಿ ಅದು.

“ಬೆಲೆ ಕೇಳಿದ ಕೂಡ್ಲೆ ಸಂತೆ ಬಿಟ್ಟು ಓಡಾ ಮಗನ್ನ ಹಡೆದೀನಿ ಅಂತ ಹೊರಗ ಯಾರಿಗೂ ಹೇಳಬ್ಯಾಡ್ರಪ್ಪ,” ಎಂದು ಎದ್ದ. “ಅದು ಎಂಥ ವಿದ್ಯಾಲಯವೋ ಹಲ್ಲು ಹಿಡಿದು ನೋಡ್ತೀನಿ. ಆಮೇಲೆ ಬೆಲೆ ಮಾತು.”

ಅದೇ ವಾರ ಶ್ವೇತಾದ್ರಿಯವರು ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ಹೋಟೆಲಿನಲ್ಲಿ ಸೀಟು ಸಿಕ್ಕ ಮಕ್ಕಳ ಮನೆಯವರನ್ನು ಕರೆದಿದ್ದರು. ಉಜ್ಜನಪ್ಪ ಪೂಜಾಳ ಜತೆಗೆ ಶಬ್ಬೀರನನ್ನೂ ಕರೆದುಕೊಂಡು ಹೋದ. ಶಬ್ಬೀರ್ ಸಂತೆಯಲ್ಲಿ ಹಗ್ಗ, ಮೂಗುದಾರ, ಗೆಜ್ಜೆ ಸರ ಮಾರುವವನು; ಇಬ್ಬರದೂ ಮೀಸೆ ಮೂಡುವ ಮೊದಲಿನ ಗೆಳೆತನ. ಹೋಟೆಲಿನ ಎ.ಸಿ. ಹಾಲಿನಲ್ಲಿ ಕೋಟು ತೊಟ್ಟ ಹುಡುಗನೊಬ್ಬನ ಆಳೆತ್ತರದ ಚಿತ್ರ, ಕೆಳಗೆ ‘ವರ್ಷಕ್ಕೆ 52 ಲಕ್ಷ ಸಂಬಳ’ ಎಂಬ ಬರಹ.

“ಕೊಂಬಿಗೆ ಬಣ್ಣ ಜೋರಾಗಿ ಬಳಿದಾರೆ,” ಎಂದ ಶಬ್ಬೀರ್.

“ಬಣ್ಣ ಬಳೀಲಿ ಬಿಡಾ. ಬಣ್ಣದ ಕೆಳಗೆ ಕೊಂಬು ಐತೋ ಇಲ್ವೋ, ಅಷ್ಟೇ,” ಎಂದ ಉಜ್ಜನಪ್ಪ.

ಪ್ರವೇಶ ವಿಭಾಗದ ಅಧಿಕಾರಿ ಗಣೇಶ ಎಂಬ ಹುಡುಗ. ಟೈ ಕಟ್ಟಿಕೊಂಡು, ಎಲ್ಲರಿಗೂ ನಗುನಗುತ್ತ ಉತ್ತರ ಹೇಳುತ್ತಿದ್ದ. ಫೀ ಎಷ್ಟು ಎಂದದ್ದಕ್ಕೆ ಅದೇ ಒಂಬತ್ತು ಲಕ್ಷ ಎಂದ.

“ಬಾಯಲ್ಲಿ ಹೇಳಿದ್ದು ಊರಿಗೆ, ಗೊತ್ತಾತು. ಈಗ ಕೈ ಕೊಡು,” ಎಂದ ಉಜ್ಜನಪ್ಪ ಹೆಗಲ ಟವೆಲನ್ನು ಸರ್ರನೆ ಎಳೆದು ಗಣೇಶನ ಕೈಮೇಲೆ ಹಾಕಿ, ಅದರಡಿ ಅವನ ಮೂರು ಬೆರಳು ಹಿಡಿದ. ಸಂತೆಯಲ್ಲಿ ನಿಜವಾದ ಬೆಲೆ ಟವೆಲಿನ ಕೆಳಗೆ ಬೆರಳಿಂದ ಬೆರಳಿಗೆ ಹೋಗುತ್ತದೆ, ನಿಂತು ನೋಡುವವರಿಗೆ ತಿಳಿಯುವುದಿಲ್ಲ. ಮೂರು ಬೆರಳೆಂದರೆ ಮೂರು ಲಕ್ಷ. ಗಣೇಶನಿಗೆ ತಿಳಿದದ್ದು ಕಚಗುಳಿಯೊಂದೇ.

“ಅಜ್ಜಾ... ಅಯ್ಯೋ... ಬಿಡಿ ಅಜ್ಜಾ!” ಎಂದು ಹುಡುಗ ಸೊಟ್ಟಗೆ ಬಾಗಿ ಕುಲುಕುಲು ನಗತೊಡಗಿದ. ಸುತ್ತಲಿನವರು ಮೊಬೈಲು ಎತ್ತಿ ಹಿಡಿದರು. ಪೂಜಾ ಕೈಯಲ್ಲಿದ್ದ ಬಣ್ಣದ ಪುಸ್ತಕದಿಂದ ಮುಖ ಮುಚ್ಚಿಕೊಂಡಳು.

“ಬೆರಳು ಬೆಣ್ಣೆಯಂಗ ಅದಾವೇನು?” ಶಬ್ಬೀರ್ ಕಿವಿಯಲ್ಲಿ ಕೇಳಿದ.

“ಹಗ್ಗ ಹಿಡಿದ ಕೈಯೇ ಅಲ್ಲಪ್ಪ ಇದು!”

ನಗು ನಿಂತ ಮೇಲೆ ಗಣೇಶ ಟೈ ಸರಿಮಾಡಿಕೊಂಡು ಹೇಳಿದ: “ಚೌಕಾಸಿ ಮಾಡೋ ಹಾಗಿಲ್ಲ ಅಜ್ಜ. ಆದರೆ ಆರ್ಥಿಕ ನೆರವು ಅಂತ ಇದೆ. ಪೂಜಾ ಈಗಾಗಲೇ ಕೇಳಿದ್ದಾಳೆ. ನಮ್ಮ ಕಮಿಟಿಯವರು ವಿಡಿಯೊ ಕಾಲ್ ಮಾಡ್ತಾರೆ, ಮನೆಯವರನ್ನ ಮಾತಾಡಿಸ್ತಾರೆ, ಮನೆ ಹೇಗಿದೆ ನೋಡ್ತಾರೆ. ನೋಡ್ಕೊಂಡು ಫೀ ಕಡಿಮೆ ಮಾಡ್ತಾರೆ.”

ಮನೆ ನೋಡುತ್ತಾರೆ ಎಂಬ ಮಾತು ಉಜ್ಜನಪ್ಪನ ಕಿವಿಗೆ ಬಿದ್ದು, ನೇರ ಎದೆಗೆ ಇಳಿಯಿತು. ಅಲ್ಲಿಂದ ಮುಂದೆ ಗಣೇಶ ಹೇಳಿದ್ದೊಂದೂ ಅವನಿಗೆ ಕೇಳಿಸಲಿಲ್ಲ.

ಸಂತೆಯಿಂದ ಬರುತ್ತ ನಿಜಲಿಂಗಪ್ಪ ಬಡಾವಣೆಗೆ ಹೋದರು. ಹೋಟೆಲಿನಿಂದ ಬಂದರೂ ಉಜ್ಜನಪ್ಪ ಅದನ್ನು ಸಂತೆಯೆಂದೇ ಕರೆಯುತ್ತಿದ್ದ. ಶಬ್ಬೀರನ ತಂಗಿಯ ಮಗಳು ರುಮಾನಾ ಅದೇ ಶ್ವೇತಾದ್ರಿಯಲ್ಲಿ ಅದೇ ಓದು ಓದಿ, ಈಗ ಹೈದರಾಬಾದಿನ ವಿಮೆ ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದಳು. ಎತ್ತು ಹೂಡಿದವರನ್ನು ಕೇಳದೆ ಎತ್ತು ಕೊಳ್ಳುವ ಕ್ರಮ ಉಜ್ಜನಪ್ಪನ ವಂಶದಲ್ಲಿಲ್ಲ.

“ಮೂರು ಮಾತು ಕೇಳ್ತೀನಿ ತಾಯಿ,” ಎಂದ ಉಜ್ಜನಪ್ಪ ಸೋಫಾದ ತುದಿಯಲ್ಲಿ ಕೂತು. “ಮೇವು ಎಂಗೆ, ನೊಗದ ಹೂಡಿಕೆ ಎಂಗೆ, ಹೊಲದಾಗ ಇಳಿದ ಮ್ಯಾಲೆ ದುಡಿಮೆ ಎಷ್ಟು?”

ರುಮಾನಾ ನಕ್ಕ ರಭಸಕ್ಕೆ ಚಹಾ ತಟ್ಟೆಗೆ ಚೆಲ್ಲಿತು. “ಮೇವು ಸಪ್ಪೆ ಅಜ್ಜ, ಚಟ್ನಿಪುಡಿ ಕಟ್ಟಿ ಕಳಿಸ್ರಿ. ಹೂಡಿಕೆ ಜೋರೈತೆ, ಕೂತ್ಕೊಳ್ಳಾಕೆ ಬಿಡಲ್ಲ. ದುಡಿಮೆ ಅಂದ್ರೆ... ಆ ಐವತ್ತೆರಡು ಲಕ್ಷದ ಹುಡುಗ ಐದಾನಲ್ಲ, ಅವನು ಒಬ್ಬನೇ. ನಾನು ಸೇರಾವಾಗ್ಲೂ ಅವಂದೇ ಫೋಟೊ ಇತ್ತು. ನಮ್ಮ ಕ್ಲಾಸಿನವರನ್ನೆಲ್ಲ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದ್ರೆ, ನಟ್ಟನಡುವೆ ನಿಂತೋರಿಗೆ ವರ್ಷಕ್ಕೆ ಆರೂವರೆ ಲಕ್ಷ. ನಾನೂ ಅಲ್ಲೇ ಎಲ್ಲೋ ನಿಂತಿರ್ತೀನಿ. ಕೆಲಸ ಸಿಗದೆ ಮನೇಲಿ ಕೂತೋರನ್ನ ಅವರು ಸಾಲಿಗೇ ಸೇರಿಸಲ್ಲ.”

“ಮತ್ತೆ ಆ ನೂರಕ್ಕೆ ಏಳು?” ಉಜ್ಜನಪ್ಪನ ದನಿ ಸ್ವಲ್ಪ ಇಳಿಯಿತು. ಅದು ಅವನಿಗೆ ಬಹಳ ಹಿಡಿಸಿದ ಲೆಕ್ಕವಾಗಿತ್ತು.

“ಒಬ್ಬೊಬ್ಬರು ಹತ್ತತ್ತು ಕಡೆ ಅರ್ಜಿ ಒತ್ತಿರ್ತಾರೆ ಅಜ್ಜ. ಹಂಗಾಗಿ ಎಲ್ಲಾ ಕಡೆ ಅರ್ಜಿ ರಾಶಿ ದೊಡ್ಡದಾಗೇ ಕಾಣತೈತೆ. ಆದ್ರೂ ಪೂಜಾ ಪೂಜಾನೇ, ಅದರಾಗ ಸುಳ್ಳಿಲ್ಲ.”

“ಕೊನೇ ಮಾತು. ಮತ್ತೆ ಹುಟ್ಟಿ ಬಂದ್ರೆ ಅಲ್ಲಿಗೇ ಹೋಗ್ತೀಯೇನವ್ವ?”

ರುಮಾನಾ ತಟ್ಟೆಗೆ ಚೆಲ್ಲಿದ ಚಹಾವನ್ನು ಮತ್ತೆ ಲೋಟಕ್ಕೆ ಬಗ್ಗಿಸಿದಳು. “ಪೂರಾ ಬೆಲೆಗೆ ಹೋಗಲ್ಲ ಅಜ್ಜ. ಅಬ್ಬಾ ಅಂಗಡಿ ಜಾಗ ಮಾರಿ ಕಟ್ಟಿದ್ರು, ಅದು ನನ್ನ ಎದೇಲಿ ಈಗ್ಲೂ ಕೂತೈತೆ. ಅರ್ಧಕ್ಕಿಂತ ಕಡಿಮೆ ಆದ್ರೆ ಈ ಚಪ್ಪಲೀಲೇ ಓಡಿಹೋಗ್ತೀನಿ. ನಾಲ್ಕು ಜನದ ಮುಂದೆ ಬಾಯಿ ಬಿಡದ ಹುಡುಗಿ ನಾನು. ಈಗ ಮ್ಯಾನೇಜರ್‌ಗೇ ನಿಮ್ಮ ಲೆಕ್ಕ ತಪ್ಪೈತೆ ಅಂತೀನಿ. ಅದನ್ನ ಕಲಿಸಿದ್ದು ಅಲ್ಲಿ.”

ಪೂಜಾ ಆ ಮಾತನ್ನು ಕಣ್ಣರಳಿಸಿ ಕುಡಿದಳು. ಅರ್ಧಕ್ಕಿಂತ ಕಡಿಮೆ: ಉಜ್ಜನಪ್ಪನ ತಲೆಯಲ್ಲಿ ಬೆಲೆ ಗಟ್ಟಿಯಾಯಿತು. ಅಲ್ಲಿಗೆ ಇಳಿದರೆ ಪೂಜಾ ಹೋಗುತ್ತಾಳೆ, ಇಳಿಯದಿದ್ದರೆ ಇಲ್ಲ.

ಇನ್ನು ಇಳಿಸುವ ಉಪಾಯ. ನಮ್ಮ ಕಡೆ ಸಾಕಿದ ಎತ್ತನ್ನು ಮಾರುವವನು ಕೊಳ್ಳುವವನ ಮನೆಗೊಮ್ಮೆ ಹೋಗಿ ಬರುತ್ತಾನೆ. ಹಿತ್ತಲಲ್ಲಿ ಹುಲ್ಲಿನ ಬಣವೆ ಎತ್ತರವಾಗಿದ್ದು, ಕೊಟ್ಟಿಗೆ ತುಂಬಿದ್ದರೆ, ನನ್ನ ಎತ್ತು ಇಲ್ಲಿ ಸುಖವಾಗಿರುತ್ತದೆ ಎಂದು ಕೇಳಿದ್ದಕ್ಕಿಂತ ಕಡಿಮೆಗೇ ಹಗ್ಗ ಕೈಗಿಡುತ್ತಾನೆ. ಮೇವಿಲ್ಲದ ಬರಿ ಗೋದಲಿ ಕಂಡರೆ ದುಪ್ಪಟ್ಟು ಕೊಟ್ಟರೂ ಕೊಡುವುದಿಲ್ಲ. ಹೀಗಿರುವಾಗ ಮನೆ ನೋಡಿ ಫೀ ಇಳಿಸುವವರಿಗೆ ಏನು ತೋರಿಸಬೇಕು? ಉಜ್ಜನಪ್ಪನಿಗೆ ಇದರಲ್ಲಿ ಎಳ್ಳಷ್ಟೂ ಅನುಮಾನ ಬರಲಿಲ್ಲ. ಕೊಂಡು ತಂದ ಎತ್ತುಗಳೆಲ್ಲ ಕೈದಾಟಿ ಹೋಗುವ ದಲ್ಲಾಳಿಯ ಮನೆ. ಕೊಟ್ಟಿಗೆಯಲ್ಲಿ ಸದ್ಯಕ್ಕಿದ್ದದ್ದು ಒಂದು ಸೈಕಲ್ಲು. ಅವನು ಗುಟ್ಟಾಗಿ ಓಡಾಡಿದ.

ವಿಡಿಯೊ ಕಾಲಿನ ದಿನ ಪೂಜಾ ಪಡಸಾಲೆಯಲ್ಲಿ ಮೊಬೈಲನ್ನು ಡಬ್ಬಿಗೆ ಒರಗಿಸಿ, ಅಂಗಳಕ್ಕೆ ಬೆನ್ನು ಮಾಡಿ ಕೂತಳು. ಪಕ್ಕದಲ್ಲಿ ಬಕ್ಕೇಶ. ಅತ್ತ ಕಡೆ ಮೂವರು: ಒಬ್ಬ ಮೇಡಂ, ಒಬ್ಬ ಸರ್, ಜತೆಗೆ ಗಣೇಶ. “ಒಬ್ಬರ ಸಂಬಳದಲ್ಲೇ ಮನೆ ನಡೀತಿದೆ ಅಲ್ವಾ?” ಎಂದು ಮೇಡಂ ಕೇಳಿದರು. “ಹೌದು ಮೇಡಂ,” ಎಂದಳು ಪೂಜಾ. ಅಷ್ಟರಲ್ಲಿ ಹಿಂದೆ ಘಲ್ ಘಲ್ ಎಂದಿತು.

ಮೊಬೈಲಿನ ಮೂಲೆಯ ಚಿಕ್ಕ ಚೌಕದಲ್ಲಿ ಪೂಜಾ ಕಂಡದ್ದು ಇದು. ತನ್ನ ಬಲಗಿವಿಯ ಹಿಂದಿನಿಂದ ಒಂದು ಜೋಡಿ ಎತ್ತು ಬಂತು. ಅದರ ಹಿಂದೆ ಇನ್ನೊಂದು. ಮತ್ತೊಂದು. ಇನ್ನೂ ಒಂದು. ಎಲ್ಲದರ ಕೊರಳಿಗೂ ಶಬ್ಬೀರನ ಗೆಜ್ಜೆ ಸರ. ಕೊನೆಗೆ ಓಣಿಯ ಹುಲ್ಲೆಲ್ಲ ಎರವಲು ತಂದು ಒಟ್ಟಿದ ಬಣವೆ ಮೇಲೆ ಶಬ್ಬೀರ್ ಗಣಪತಿಯ ಹಾಗೆ ಕೂತು ಕೈಬೀಸುತ್ತಿದ್ದ. ಮುಂದೆ ಉಜ್ಜನಪ್ಪ: ರೇಷ್ಮೆ ರುಮಾಲು, ಬೆರಳಿಗೆ ಯಾರದೋ ಉಂಗುರ.

“ನಮಸ್ಕಾರ್ರೀ ಎಲ್ಲಾರಿಗೂ!” ಎಂದು ಮೊಮ್ಮಗಳ ಹೆಗಲ ಮೇಲಿಂದ ಮುಖ ತೂರಿಸಿದ. “ನಮ್ಮನೇಲಿ ಯಾತಕ್ಕೂ ಕಡಿಮೆ ಇಲ್ರೀ! ನೋಡ್ಕೊಳ್ರಿ ಕಣ್ತುಂಬ! ಹುಡುಗೀನ ಧೈರ್ಯವಾಗಿ ತಗೊಳ್ರಿ, ಬೆಲೆ ಮಾತ್ರ ನೋಡಿ ಮಾಡ್ರಿ!”

ಗಣೇಶ ಕೈಯನ್ನು ಬಾಯಿಗೆ ಅಡ್ಡ ಹಿಡಿದ. ಬಕ್ಕೇಶ ಕುರ್ಚಿಯಲ್ಲಿ ಕುಗ್ಗಿ ಕುಗ್ಗಿ ಚಿತ್ರದಿಂದಲೇ ಮಾಯವಾದ.

ಎರಡು ದಿನಕ್ಕೆ ಉತ್ತರ ಬಂತು. ತಿಳಿಸಿದ ಆದಾಯಕ್ಕೂ ಕಂಡ ಆಸ್ತಿಗೂ ಹೊಂದುತ್ತಿಲ್ಲ, ನೆರವು ಕೊಡಲಾಗದು. ಪೂಜಾ ಓದಿ ಹೇಳಿದಳು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡಿದಳು. “ಅಜ್ಜಾ, ಅವರು ಇಲ್ಲದೋರಿಗೆ ಇಳಿಸ್ತಾರೆ ಅಜ್ಜಾ. ಇರೋರಿಗಲ್ಲ!”

“ಇಲ್ಲದೋರಿಗಾ?” ಉಜ್ಜನಪ್ಪ ಕಕ್ಕಾಬಿಕ್ಕಿಯಾದ. “ಇಂಥ ಸಂತೆ ಎಲ್ಲೈತವ್ವ?”

“ಎಂಟು ಎತ್ತು ಹೊಡ್ಕೊಂಡು ಬಂದು ಹುಡುಗಿ ಫೀಸಿನ ಮ್ಯಾಲೆ ತುಳಿಸಿದ್ರಿ,” ಎಂದಳು ಕಸ್ತೂರಮ್ಮ. “ಅಂಗಳದಾಗ ಇನ್ನೂ ಸಗಣಿ ಬಾಚ್ತಿದೀನಿ. ಮುಂದೇನು ಮಾಡ್ತೀರಿ, ಆನೆ ತರಿಸ್ತೀರಾ?”

ಉಜ್ಜನಪ್ಪ ಕಟ್ಟೆಯ ಮೇಲೆ ಕೂತ. ಈ ಬಾಳಿನಲ್ಲಿ ಅವನು ಎದುರಿಗಿರುವವನಿಗೆ ಜೇಬು ಬರಿದು ಎಂದು ಹೇಳಿದವನಲ್ಲ. ಬರಿದಾಗಿದ್ದಾಗಲೂ ಜೇಬಿನಲ್ಲಿ ಒಂದು ಕರ್ಚೀಫು ಮಡಿಚಿಟ್ಟು ಉಬ್ಬಿಸಿಕೊಂಡು ಹೋದವನು. ಪೂಜಾ ಮಾತ್ರ ಬೆರಳಿಗೆ ದುಪಟ್ಟ ಸುತ್ತುವುದನ್ನೂ ಬಿಟ್ಟು ಸುಮ್ಮನೆ ನಿಂತಿದ್ದಳು. ಅವನು ಎದ್ದು ತಲೆಯ ರುಮಾಲು ತೆಗೆದು ಗೂಟಕ್ಕೆ ಹಾಕಿದ.

“ಆ ಕಚಗುಳಿ ಹುಡುಗನಿಗೆ ಹಚ್ಚವ್ವ ಫೋನು. ವಿಡಿಯೊ ಹಚ್ಚು. ಆ ಮೇಡಮ್ಮೂ ಬರಲಿ.”

ಅವರೂ ಬಂದರು. ಉಜ್ಜನಪ್ಪ ಮೊಬೈಲು ತಾನೇ ಹಿಡಿದು, ತಲೆಕೆಳಗು ಮಾಡಿ, ಪೂಜಾ ನೆಟ್ಟಗೆ ಮಾಡಿಕೊಟ್ಟ ಮೇಲೆ ಅಂಗಳಕ್ಕೆ ಇಳಿದ.

“ನೋಡ್ರಿ ತಾಯಿ. ಮೊದಲ್ನೇ ಜೋಡಿ ಪಿ.ಜೆ. ಬಡಾವಣೆ ಬಸವಪ್ರಭುಗಳದು. ಎರಡ್ನೇದು ಮಿಲ್ಲಿನ ಹಿಂದಿನ ಗೌಡ್ರದು. ಉಳಿದವು ಸಂತೆಗೆ ಬಂದವು, ಯಾರವೋ ಏನೋ. ಹುಲ್ಲು ಓಣಿಯವರದು. ಉಂಗುರ ಬೀಗರದು. ಬಣವೆ ಮ್ಯಾಲೆ ಕೂತವನು ಮಾತ್ರ ನಮ್ಮವನು. ಇದು ನಮ್ಮ ಕೊಟ್ಟಿಗೆ, ನೋಡ್ರಿ, ಸೈಕಲ್ಲು. ಅದರದೂ ಗಾಳಿ ಹೋಗೈತೆ. ಹುಲ್ಲಿದ್ದ ಮನೆಗೆ ಎತ್ತು ಕಡಿಮೆಗೆ ಕೊಡ್ತಾರೆ ನಮ್ಮಲ್ಲಿ, ನಿಮ್ಮದೂ ಹಂಗೇ ಅಂತ ತಿಳಿದೆ. ನನ್ನ ಮಗನ ಸಂಬಳ ಎಷ್ಟು ಬರೆದಾನೋ ಅಷ್ಟೇ ಖರೆ. ಅದರ ಮ್ಯಾಲೆ ನಮ್ಮಲ್ಲಿ ಇರೋದು ಈ ಹುಡುಗಿ ಒಂದೇ.”

ಅಷ್ಟರಲ್ಲಿ ಹಿಂದಿನಿಂದ ಅಂಬಾ ಎಂದು ಕೇಳಿಸಿತು. ಧಣಿ ಇನ್ನೂ ಬಂದು ಹೊಡೆದುಕೊಂಡು ಹೋಗದ ಒಂದು ಜೋಡಿ ಗೋಡೆ ಮಗ್ಗುಲಲ್ಲಿ ನಿಂತಿತ್ತು. “ಇವು ಬಸವಪ್ರಭುಗಳವೇ ರೀ, ಆಣೆ ಮಾಡಿ ಹೇಳ್ತೀನಿ!” ಎಂದು ಉಜ್ಜನಪ್ಪ ಗಾಬರಿಯಿಂದ ಕೂಗಿದ. ಅತ್ತ ಕಡೆ ಮೇಡಂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನಕ್ಕರು, ಗಣೇಶನಂತೂ ಮೇಜಿನ ಕೆಳಗೇ ಹೋದ.

ಒಂದು ವಾರ ಕಳೆದು, ಶೋರೂಮಿನ ಸಂಬಳದ ಚೀಟಿಯನ್ನೆಲ್ಲ ಮತ್ತೊಮ್ಮೆ ತರಿಸಿ ನೋಡಿ, ಅವರು ತೀರ್ಮಾನ ಕಳಿಸಿದರು. ಮೂರರಲ್ಲಿ ಎರಡು ಪಾಲು ಮಾಫಿ. ವರ್ಷಕ್ಕೆ ಮೂರು ಲಕ್ಷ ಕಟ್ಟಿದರೆ ಸಾಕು. ಉಜ್ಜನಪ್ಪ ಟವೆಲಿನಡಿ ಹಿಡಿದದ್ದೂ ಮೂರೇ ಬೆರಳು ಎಂದು ಶಬ್ಬೀರ್ ನೆನಪಿಸಿದ್ದೇ ತಡ, ಮುದುಕರಿಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ಓಣಿಯ ತುದಿಯವರೆಗೆ ಕುಣಿಯುತ್ತ ಹೋಗಿ, ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಕುಣಿಯುತ್ತ ಬಂದರು. ಬಕ್ಕೇಶ ಬ್ಯಾಂಕಿಗೆ ಹೋಗಿ ಕೇಳಿ ಬಂದ. ಸಾಲ ಪೂಜಾಳ ಹೆಸರಿಗೆ. ಆರೂವರೆ ಲಕ್ಷದ ಕೆಲಸ ಸಿಕ್ಕರೆ ಬೆನ್ನು ಬಾಗದೆ ತೀರಿಸಬಹುದು. ಓದುವಷ್ಟು ದಿನ ಬಡ್ಡಿ ಕಟ್ಟುತ್ತ ಹೋದರೆ ಇನ್ನೂ ಹಗುರ. “ಆರೂವರೆ ಬರದಿದ್ರೆ?” ಎಂದ ಬಕ್ಕೇಶ. “ಮೂರೂವರೆ ಬಂದ್ರೂ ತೀರಿಸ್ತೀನಿ ಅಪ್ಪಾ, ನಿಧಾನಕ್ಕೆ,” ಎಂದಳು ಪೂಜಾ. ಅವಳ ದನಿಯಲ್ಲಿ ಈಗ ಬಿಡ್ರಿ ಎಂಬುದು ಇರಲಿಲ್ಲ.

ಬಡ್ಡಿ ತನ್ನದು ಎಂದು ಉಜ್ಜನಪ್ಪ ಆಗಲೇ ಘೋಷಿಸಿದ್ದ. ಮುಂದಿನ ವರ್ಷ ಸಂತೆ ಬಿಡುವ ಯೋಚನೆ ಇತ್ತು. ಬಿಡುವುದಿಲ್ಲ ಎಂದು ಹೇಳುವಾಗ ಹುಡುಗನ ಹಾಗೆ ಕುಣಿದಾಡಿದ.

ತಮ್ಮ ಜೋಡಿಯನ್ನು ಹೊಡೆಸಿಕೊಂಡು ಹೋಗಲು ಬಸವಪ್ರಭು ಆಳನ್ನು ಕಳಿಸದೆ ತಾವೇ ಕಾರಿನಲ್ಲಿ ಬಂದರು. ಅಕ್ಕಿ ಗಿರಣಿಯ ಸಾಹುಕಾರರು, ಸಜ್ಜನರು. ಅವರ ಮನೆಯ ಎತ್ತುಗಳನ್ನೆಲ್ಲ ಆರಿಸಿಕೊಟ್ಟವನು ಉಜ್ಜನಪ್ಪನೇ. ಎತ್ತಿನ ಮೆರವಣಿಗೆಯ ಕಥೆಯನ್ನು ಅವನ ಬಾಯಿಂದಲೇ ಕೇಳಿ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು: “ಉಜ್ಜಣ್ಣ, ಸಾಲಗೀಲ ಯಾಕ? ಉಳಿದ ಫೀಸು ನಾಲ್ಕು ವರ್ಷಾನೂ ನಾನು ಕಟ್ತೀನಿ. ವಾಪಸ್ ಕೊಡೋ ಮಾತಿಲ್ಲ. ನನ್ನ ಮೊಮ್ಮಗಳು ಅಂದ್ಕೋತೀನಿ.”

ಬಕ್ಕೇಶನ ಮುಖ ಅರಳಿತು. ಕಸ್ತೂರಮ್ಮ ಸೆರಗು ಸರಿಮಾಡಿಕೊಂಡಳು. ಉಜ್ಜನಪ್ಪ ಪೂಜಾಳ ಕಡೆ ತಿರುಗಿದ. ಅವಳು ತುಟಿ ಕಚ್ಚಿಕೊಂಡು, ನಗುತ್ತಲೇ, ಬೇಡವೆಂದು ತಲೆ ಆಡಿಸಿದಳು. ಅಜ್ಜನೂ ನಕ್ಕ.

“ಬ್ಯಾಡ್ರಿ ಪ್ರಭಣ್ಣಾರ. ನಿಮ್ಮ ಮನಸು ದೊಡ್ಡದು, ಅದನ್ನ ನಾನು ಇವತ್ತು ಕಂಡಿದ್ದಲ್ಲ. ಆದ್ರ ನೀವು ಕಟ್ಟಿದ್ರೆ, ಈ ಹು‍ಡುಗಿ ರಜಕ್ಕೆ ಬಂದಾಗ ಮೊದ್ಲು ನಿಮ್ಮನೆ ಬಾಗಿಲಿಗೆ ಹೋಗಿ ಏನು ಕಲಿತೆ ಅಂತ ಹೇಳಬೇಕಾಗತೈತೆ. ನೀವು ಕೇಳಲ್ಲ, ಗೊತ್ತು. ಅವಳೇ ಹೋಗ್ತಾಳೆ. ನಮ್ಮ ಹುಡುಗಿ ಅಂಥಾಕಿ. ನನಗದು ತಡ್ಕೊಳ್ಳಾಕ ಆಗಲ್ರಿ! ಬಸ್ಸಿಳಿದ ಕೂಡ್ಲೆ ನನಗೇ ಹೇಳಬೇಕು, ನಾನು ಅರ್ಥ ಆಗದಿದ್ರೂ ಹೂಂ ಹೂಂ ಅನ್ನಬೇಕು. ಆ ಸುಖ ನಾನು ಯಾರಿಗೂ ಬಿಟ್ಟುಕೊಡಾಂಗಿಲ್ಲ, ನಿಮಗೂ ಕೊಡಾಂಗಿಲ್ಲ. ಚಾ ಆರ್ತೈತೆ, ಕುಡೀರಿ.”